ಗುಟ್ಟು ಒಡೆಯದೆ ಥ್ರಿಲ್ಲರ್ ಬಗ್ಗೆ ಮಾತನಾಡುವುದು ಹೇಗೆ?

ಪ್ರಶ್ನೆ: ನಾನು ಬಂಗಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕೋಲಾರದಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಸೇರಿ, ಹೊಸದಾಗಿ ಬಂದ ಕಾದಂಬರಿಗಳ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳುತ್ತೇವೆ. ಸಾಮಾಜಿಕ ಕಾದಂಬರಿಯಾದರೆ ಅರ್ಧ ಗಂಟೆ ಮಾತನಾಡಬಲ್ಲೆ. ಥ್ರಿಲ್ಲರ್ ಆದರೆ ಮಾತ್ರ ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ’ ಎನ್ನುವುದರ ಆಚೆಗೆ ಮಾತು ಹೊರಡುವುದಿಲ್ಲ. ಹೆಚ್ಚು ಹೇಳಿದರೆ ಗುಟ್ಟು ಒಡೆದೀತೆಂಬ ಭಯ ಬೇರೆ. ಕೂಟದ ಹಿರಿಯರೊಬ್ಬರು ‘ಅದನ್ನೆಲ್ಲ ಬಸ್ಸಿನಲ್ಲಿ ಓದಿ ಮರೆಯಬೇಕಮ್ಮ, ಚರ್ಚೆ ಎಂಥದ್ದು’ ಎಂದುಬಿಟ್ಟರು. ಎರಡು ಬಗೆಯ ಕಾದಂಬರಿಗಳಿಗೆ ಎರಡು ಅಳತೆಗೋಲು ಬೇಕೆ?

ಉತ್ತರ: ‘ಓದಿಸಿಕೊಂಡು ಹೋಗುತ್ತದೆ’ ಎಂಬ ಮಾತನ್ನು ನಾನೂ ನೂರಾರು ಸಲ ಬಳಸಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅದನ್ನು ಕಂಡಾಗಲೆಲ್ಲ ಕೆಂಪು ಗೆರೆ ಎಳೆದವನೂ ನಾನೇ. ಆ ಮಾತು ಸುಳ್ಳಲ್ಲ. ಆದರೆ ಅದು ಓದುವವರಿಗೆ ಏನಾಯಿತು ಎಂಬುದನ್ನು ಹೇಳುತ್ತದೆಯೇ ಹೊರತು ಪುಸ್ತಕ ಏನು ಮಾಡಿತು ಎಂಬುದನ್ನು ಹೇಳುವುದಿಲ್ಲ. ಮೈ ಬಿಸಿಯಾಗಿದೆ ಎಂದಷ್ಟೇ ಹೇಳಿದರೆ ವೈದ್ಯರಿಗೆ ಸಾಲದು. ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಅವರು ಕೇಳಿಯೇ ಕೇಳುತ್ತಾರೆ. ಹಾಗೆಯೇ, ಯಾವ ಪುಟದಿಂದ ನಿಮಗೆ ಪುಸ್ತಕ ಕೆಳಗಿಡಲಾಗಲಿಲ್ಲ, ಆ ಪುಟದಲ್ಲಿ ಲೇಖಕರು ನಿಮಗೆ ಏನನ್ನು ತಿಳಿಸಿದರು, ಏನನ್ನು ತಿಳಿಸದೆ ಉಳಿಸಿಕೊಂಡರು ಎಂದು ಹುಡುಕಲು ತೊಡಗಿದರೆ ಮಾತು ತಾನಾಗಿ ಹೊರಡುತ್ತದೆ. ಥ್ರಿಲ್ಲರ್ ಎಂಬುದು ಮುಚ್ಚಿಡುವ ಕಲೆ. ಲೇಖಕರು ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಹೇಳಿದರೆ ಗುಟ್ಟು ಒಡೆಯುತ್ತದೆ. ಹೇಗೆ ಮುಚ್ಚಿಟ್ಟಿದ್ದಾರೆ ಎಂಬುದನ್ನು ಮಾತ್ರ ಒಂದು ಗಂಟೆ ವಿವರಿಸಿದರೂ ಯಾವ ಗುಟ್ಟೂ ಹೊರಬೀಳುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮುಂದಿನದು ಅದರ ವಿಸ್ತರಣೆ.

ನಿಮ್ಮ ಹಿರಿಯರ ಮಾತಿಗೆ ಮೊದಲು ಚಿಕ್ಕದಾಗಿ ಉತ್ತರಿಸಿಬಿಡುತ್ತೇನೆ, ಏಕೆಂದರೆ ಆ ತಕರಾರು ಹಳೆಯದು ಮತ್ತು ಅದರಲ್ಲಿ ಹೊಸದೇನೂ ಇಲ್ಲ. ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸುತ್ತಲೇ ಓದುವ ಚಟ ಹತ್ತಿಸಿಕೊಂಡ ಒಂದು ತಲೆಮಾರು ನಮ್ಮಲ್ಲಿದೆ, ಮತ್ತು ಅದೇ ತಲೆಮಾರಿನ ಅನೇಕರು ಮುಂದೆ ದೊಡ್ಡ ಓದುಗರಾದ ಮೇಲೆ ಆ ಹೆಸರನ್ನು ಹೇಳಲು ಸಂಕೋಚಪಟ್ಟದ್ದನ್ನೂ ನಾನು ಕಂಡಿದ್ದೇನೆ. ಇನ್ನೊಂದು ಕಡೆ, ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಏಲಕ್ಕಿ ಬೆಳೆ ಕುಸಿಯುತ್ತಿರುವುದು ಏಕೆಂಬ ತನಿಖೆಯ ಸುತ್ತ ಹೆಣೆದ ಆ ಕಾದಂಬರಿಯನ್ನು ಪತ್ತೇದಾರಿಯ ಚೌಕಟ್ಟಿನಿಂದ ಹೊರತೆಗೆದು ಓದಲು ಸಾಧ್ಯವೇ ಇಲ್ಲ. ಹಿರಿಯರು ಬಸ್ಸಿನಲ್ಲಿ ಓದಲಿ, ಅಡ್ಡಿಯಿಲ್ಲ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಬಸ್ಸು ಓದಲು ಕೆಟ್ಟ ಜಾಗವೇನೂ ಅಲ್ಲ.

ಈಗ ಮುಚ್ಚಿಡುವ ವಿಷಯಕ್ಕೆ ಬರೋಣ. ಕಾದಂಬರಿಕಾರರು ಒಂದು ಸಂಗತಿಯನ್ನು ಓದುಗರಿಂದ ಮರೆಮಾಡಲು ಹಲವು ದಾರಿಗಳಿದ್ದರೂ ಅವೆಲ್ಲ ಒಂದೇ ತೂಕದವಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು, ವಸ್ತುವನ್ನು ಕಣ್ಣೆದುರೇ ಇಟ್ಟು ಕಾಣದಂತೆ ಮಾಡುವುದು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನಡೆಯುವ ಒಂದು ಕೊಲೆಯ ಕಥೆ ಇದೆ ಎಂದುಕೊಳ್ಳಿ. ಎರಡನೆಯ ಅಧ್ಯಾಯದಲ್ಲಿ ಕಾವಲುಗಾರನ ಹೆಂಡತಿ ಅಂಗಡಿಯಿಂದ ತಂದ ಸಾಮಾನುಗಳನ್ನು ಒಂದೊಂದಾಗಿ ಎತ್ತಿಡುತ್ತಾಳೆ: ಬೇಳೆ, ಬೆಲ್ಲ, ಸೀಮೆಎಣ್ಣೆ, ಒಂದು ಹೊಸ ಬೀಗ, ಮಗುವಿಗೆ ಬಿಸ್ಕತ್ತು. ನಾವು ಆ ಸಾಲನ್ನು ಸಂಸಾರದ ವಿವರವೆಂದು ಓದಿ ಮುಂದೆ ಹೋಗುತ್ತೇವೆ. ಇನ್ನೂರು ಪುಟಗಳ ನಂತರ, ಹಳೆಯ ಬೀಗ ಏನಾಯಿತು ಎಂದು ಯಾರೋ ಕೇಳಿದಾಗ ನಾವು ಹಿಂದಕ್ಕೆ ಹೋಗಿ ನೋಡುತ್ತೇವೆ, ಮತ್ತು ಬೀಗ ಅಲ್ಲಿಯೇ ಇರುತ್ತದೆ. ಇಲ್ಲಿ ಲೇಖಕರು ನಮ್ಮಿಂದ ಏನನ್ನೂ ಕದ್ದಿಲ್ಲ. ಕೊಟ್ಟದ್ದನ್ನು ನಾವೇ ಎಣಿಸಿಕೊಳ್ಳಲಿಲ್ಲ. ಇನ್ನೊಂದು ದಾರಿ, ಕಥೆ ಹೇಳುವವರಿಗೇ ಸಂಗತಿ ತಿಳಿಯದಿರುವುದು. ಮಗು, ಹೊಸ ಸೊಸೆ, ಊರಿಗೆ ವರ್ಗವಾಗಿ ಬಂದ ಅಧಿಕಾರಿ, ಇಂಥವರ ಕಣ್ಣಿನಿಂದ ಕಥೆ ಹೇಳಿದಾಗ ಅವರ ಅಜ್ಞಾನವೇ ಸಹಜವಾದ ತೆರೆಯಾಗುತ್ತದೆ. ಇದೂ ನ್ಯಾಯವಾದದ್ದೇ.

ಅಗ್ಗದ ದಾರಿಯೊಂದಿದೆ, ಇತ್ತೀಚಿನ ಪುಸ್ತಕಗಳಲ್ಲಿ ಅದು ಅತಿಯಾಗುತ್ತಿದೆ ಎಂಬುದು ನನ್ನ ದೂರು. ಇನ್ಸ್‌ಪೆಕ್ಟರ್ ಫೋನ್ ಎತ್ತಿಕೊಳ್ಳುತ್ತಾರೆ, ಆ ಕಡೆಯವರು ಹೇಳಿದ್ದನ್ನು ಕೇಳಿ ಬೆಚ್ಚಿಬೀಳುತ್ತಾರೆ, ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯ ಬೇರೆ ಊರಿನಲ್ಲಿ ತೆರೆಯುತ್ತದೆ. ನಾವು ಆವರೆಗೆ ಆ ಇನ್ಸ್‌ಪೆಕ್ಟರ್ ತಲೆಯೊಳಗೇ ಕುಳಿತು, ಅವರ ಹೊಟ್ಟೆಹುಣ್ಣಿನ ನೋವನ್ನೂ ಮಗಳ ಪರೀಕ್ಷೆಯ ಚಿಂತೆಯನ್ನೂ ಕೇಳಿಸಿಕೊಂಡಿರುತ್ತೇವೆ. ಆದರೆ ಫೋನಿನ ಮಾತಿಗೆ ಬಂದಾಗ ನಮ್ಮನ್ನು ಹೊರಗೆ ಹಾಕಿ ಬಾಗಿಲು ಮುಚ್ಚಲಾಗುತ್ತದೆ. ಪಾತ್ರಕ್ಕೆ ತಿಳಿದದ್ದು ನಮಗೆ ತಿಳಿಯಬಾರದು ಎಂಬುದಕ್ಕೆ ಕಥೆಯೊಳಗೆ ಕಾರಣವಿಲ್ಲ, ಲೇಖಕರ ಅನುಕೂಲವೊಂದೇ ಕಾರಣ. ಒಂದು ಸಲವಾದರೆ ಸಹಿಸಬಹುದು. ನಿಮ್ಮ ಕೂಟದಲ್ಲಿ ‘ಈ ಕಾದಂಬರಿಯ ನಡುವಿನ ಭಾಗದಲ್ಲಿ ನಾಲ್ಕು ಕಡೆ, ಪಾತ್ರಕ್ಕೆ ಗೊತ್ತಾದದ್ದನ್ನು ನಮಗೆ ಹೇಳದೆ ಅಧ್ಯಾಯ ಕತ್ತರಿಸಿದ್ದಾರೆ; ಆದ್ದರಿಂದ ಕೊನೆಯ ಭಾಗ ನನ್ನನ್ನು ಚಕಿತಗೊಳಿಸಲಿಲ್ಲ, ಕೆಣಕಿತು’ ಎಂದು ಹೇಳಿ ನೋಡಿ. ಗುಟ್ಟು ಒಡೆಯದೆ ಅಭಿಪ್ರಾಯ ಹೇಳಿದಂತಾಯಿತು, ಆಧಾರವನ್ನೂ ಕೊಟ್ಟಂತಾಯಿತು.

ಈ ನ್ಯಾಯ ಅನ್ಯಾಯದ ಮಾತು ನಾನು ಹುಟ್ಟಿಸಿದ್ದಲ್ಲ. 1926ರಲ್ಲಿ ಅಗಾಥಾ ಕ್ರಿಸ್ಟಿಯವರ ಕಾದಂಬರಿಯೊಂದು ಬಂದಾಗ, ಲೇಖಕಿ ಓದುಗರಿಗೆ ಮೋಸ ಮಾಡಿದ್ದಾರೆಯೇ ಇಲ್ಲವೇ ಎಂಬ ವಾದವೇ ಎದ್ದಿತು. ಆ ಕಾದಂಬರಿಯ ಹೆಸರನ್ನು ಈ ವಾದದ ಜೊತೆ ಸೇರಿಸಿ ಹೇಳಿದರೆ ಅರ್ಧ ಗುಟ್ಟು ಹೊರಬಿದ್ದಂತೆಯೇ, ಆದ್ದರಿಂದ ಹೇಳುವುದಿಲ್ಲ, ಓದಿದವರಿಗೆ ತಿಳಿಯುತ್ತದೆ. 1929ರಲ್ಲಿ ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಕಥೆಗಾರರೂ ಆಗಿದ್ದ ರೊನಾಲ್ಡ್ ನಾಕ್ಸ್ ಹತ್ತು ನಿಯಮಗಳನ್ನು ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು ಎಂಬುದು ಅವುಗಳಲ್ಲೊಂದು. ಮೊದಲೇ ಸೂಚನೆ ಕೊಡದೆ ಅವಳಿ ಸೋದರರನ್ನು ತಂದು ನಿಲ್ಲಿಸಬಾರದು ಎಂಬುದು ಇನ್ನೊಂದು. ದ್ವಿಪಾತ್ರದ ಸಿನಿಮಾಗಳನ್ನು ಶಿಳ್ಳೆ ಹೊಡೆದು ನೋಡಿ ಬೆಳೆದ ನಮಗೆ ಎರಡನೆಯದನ್ನು ಪಾಲಿಸುವುದು ಕಷ್ಟ. ನಿಯಮಗಳನ್ನು ಮುರಿದೂ ಒಳ್ಳೆಯ ಕಾದಂಬರಿ ಬರೆಯಬಹುದು, ಬರೆದಿದ್ದಾರೆ. ಆದರೆ ಮುರಿದವರು ಎರಡನೆಯ ಓದಿಗೆ ತಲೆಬಾಗಬೇಕಾಗುತ್ತದೆ: ಕೊನೆ ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ಓದಿದಾಗ ಪ್ರತಿ ವಾಕ್ಯವೂ ನಿಜವಾಗಿಯೇ ಉಳಿಯುತ್ತದೆಯೇ, ಅಥವಾ ಕೆಲವು ವಾಕ್ಯಗಳು ಬರಿಯ ಸುಳ್ಳಾಗಿಬಿಡುತ್ತವೆಯೇ?

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ, ಅದರ ಬಗ್ಗೆ ನಮ್ಮಲ್ಲಿ ಯಾರೂ ಸಾಕಷ್ಟು ಮಾತನಾಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಕನ್ನಡದ ಕ್ರಿಯಾಪದ ಗುಟ್ಟು ಬಿಟ್ಟುಕೊಡುವ ಪದ. ‘ಬಂದನು’ ಎಂದರೆ ಗಂಡು, ‘ಬಂದಳು’ ಎಂದರೆ ಹೆಣ್ಣು. ಕೊಲೆಗಾರನೋ ಕೊಲೆಗಾರ್ತಿಯೋ ಎಂದು ತಿಳಿಯಬಾರದಂತೆ ಒಂದು ಅಧ್ಯಾಯ ಬರೆಯಬೇಕಾದರೆ ಕನ್ನಡದ ಲೇಖಕರಿಗೆ ಉಳಿಯುವ ದಾರಿಗಳು ಬೆರಳೆಣಿಕೆಯಷ್ಟು. ‘ಅವರು ಬಂದರು’ ಎಂಬ ಗೌರವದ ಬಹುವಚನ ಒಂದು; ಆದರೆ ಕೊಲೆಗಾರರಿಗೆ ಗೌರವ ಕೊಟ್ಟ ಕೂಡಲೇ ಓದುಗರ ಕಿವಿ ನಿಮಿರುತ್ತದೆ. ‘ಆಕೃತಿ ಬಂದಿತು’, ‘ನೆರಳು ಸರಿಯಿತು’ ಎಂಬ ನಪುಂಸಕ ಲಿಂಗ ಇನ್ನೊಂದು. ಎರಡು ಪುಟ ಕಳೆಯುವಷ್ಟರಲ್ಲಿ ಅದು ದೆವ್ವದ ಕಥೆಯಂತೆ ಕೇಳತೊಡಗುತ್ತದೆ. ‘ನಾನು ಬಂದೆ’ ಎಂಬ ಉತ್ತಮ ಪುರುಷವೊಂದೇ ಏನನ್ನೂ ಬಿಟ್ಟುಕೊಡದ, ಕಿವಿಗೂ ಸಹಜವಾದ ಮರೆ. ಹೊಸ ಕನ್ನಡ ಥ್ರಿಲ್ಲರ್‌ನಲ್ಲಿ ಓರೆ ಅಕ್ಷರಗಳಲ್ಲಿ ಅಚ್ಚಾದ ಚಿಕ್ಕ ‘ನಾನು’ ಅಧ್ಯಾಯಗಳು ನಡುನಡುವೆ ಬಂದರೆ, ಅದು ಬರಿಯ ಫ್ಯಾಷನ್ನೋ ಅಥವಾ ವ್ಯಾಕರಣ ಒಡ್ಡಿದ ತೊಡಕಿಗೆ ಕಂಡುಕೊಂಡ ಪರಿಹಾರವೋ ಎಂದು ಯೋಚಿಸಿ ನೋಡಿ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಒಂದು ವಿಶೇಷ ಲಾಭವಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಿಮ್ಮ ಕೂಟದಲ್ಲಿ ಅರ್ಧಕ್ಕಿಂತ ಹೆಚ್ಚೇ ಇರಬಹುದು. ತೆಲುಗಿನ ಏಕವಚನದಲ್ಲಿ ಗಂಡಸಿಗೆ ‘ವಚ್ಚಾಡು’ ಎಂದಾದರೆ, ಹೆಂಗಸಿಗೂ ವಸ್ತುವಿಗೂ ‘ವಚ್ಚಿಂದಿ’ ಎಂಬ ಒಂದೇ ರೂಪ. ಅಂದರೆ ತೆಲುಗಿನ ಲೇಖಕರು ಬಂದದ್ದು ಹೆಂಗಸೋ ಬೆಕ್ಕೋ ಎಂದು ತಿಳಿಯದಂತೆ ಒಂದು ವಾಕ್ಯವನ್ನು ತೀರ ಸಹಜವಾಗಿ ಬರೆದುಬಿಡಬಹುದು. ಕನ್ನಡದ ಅನುವಾದಕರು ಮಾತ್ರ ಅಲ್ಲಿ ‘ಬಂದಳು’ ಅಥವಾ ‘ಬಂತು’ ಎಂಬುದರಲ್ಲಿ ಒಂದನ್ನು ಆರಿಸಲೇಬೇಕು. ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಕನ್ನಡದ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾಲದಲ್ಲಿ, ನಮ್ಮ ಕಡೆಯ ಕೆಲವು ಮನೆಗಳಲ್ಲಿ ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಓದಿ ಹೋಲಿಸುತ್ತಿದ್ದ ಹೆಂಗಸರಿದ್ದರು. ಅವರನ್ನು ವಿಮರ್ಶಕರೆಂದು ಯಾರೂ ಕರೆಯಲಿಲ್ಲ. ನನ್ನ ಚಿಕ್ಕಮ್ಮ ಅಂಥವರಲ್ಲಿ ಒಬ್ಬರು. ‘ಕನ್ನಡದಲ್ಲಿ ಒಂದು ವಾರ ಮೊದಲೇ ಗೊತ್ತಾಗಿಬಿಟ್ಟಿತು ಕಣೋ’ ಎಂದು ಅವರು ಒಮ್ಮೆ ಹೇಳಿದ್ದರ ಅರ್ಥ ನನಗೆ ಬಹಳ ವರ್ಷಗಳ ನಂತರ ಹೊಳೆಯಿತು.

ಗುಟ್ಟಿನ ಬಗ್ಗೆ ನಿಮಗಿರುವ ಭಯ ಸ್ವಲ್ಪ ಅತಿಯಾಯಿತೆಂದೂ ನನಗೆ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದಾಗ ಕೊನೆಯಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ ಎಂಬುದು ಚಾಪೆಯ ಮೇಲೆ ಮಲಗಿದ್ದ ಮಗುವಿಗೂ ಗೊತ್ತಿತ್ತು. ಆದರೂ ಜನ ಬೆಳಗಿನವರೆಗೆ ಕೂತಿರುತ್ತಿದ್ದರು. ಏನಾಗುತ್ತದೆ ಎಂಬ ಕುತೂಹಲ ಒಂದು, ಅದು ಹೇಗೆ ಆಗುತ್ತದೆ ಎಂಬ ಕುತೂಹಲ ಮತ್ತೊಂದು. ಎರಡನೆಯದನ್ನು ಯಾರೂ ಕಸಿಯಲಾರರು. ಹಾಗೆಂದು ಮೊದಲನೆಯದನ್ನು ಕಸಿಯುವ ಹಕ್ಕು ನಮಗಿಲ್ಲ. ಲಂಡನ್ನಿನಲ್ಲಿ 1952ರಲ್ಲಿ ಆರಂಭವಾದ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ, ಅಪರಾಧಿ ಯಾರೆಂದು ಹೊರಗೆ ಹೇಳಬೇಡಿ ಎಂದು ನಟರೇ ಪ್ರೇಕ್ಷಕರನ್ನು ಕೇಳಿಕೊಳ್ಳುವ ಪದ್ಧತಿ ಇದೆ. ನಾನು ಪಾಲಿಸುವ ರೂಢಿ ಇದು: ಕಾದಂಬರಿಯ ಮೊದಲ ಐದನೆಯ ಒಂದು ಭಾಗದಲ್ಲಿ ಬರುವ ಯಾವ ಘಟನೆಯನ್ನಾದರೂ ಹೆಸರಿಸುತ್ತೇನೆ, ಅಲ್ಲಿಂದ ಮುಂದಿನದನ್ನು ಕ್ರಮ, ವೇಗ, ಭಾಷೆ, ಮರೆಮಾಡುವ ರೀತಿ ಇವುಗಳ ಮೂಲಕವಷ್ಟೇ ಹೇಳುತ್ತೇನೆ. ‘ಕೊನೆಯಲ್ಲಿ ಊಹಿಸಲಾಗದ ತಿರುವು ಇದೆ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ತಿರುವು ಇದೆ ಎಂದು ಹೇಳುವುದೇ ಅರ್ಧ ಗುಟ್ಟು. ಕೇಳಿಸಿಕೊಂಡವರು ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸುತ್ತ ಓದುತ್ತಾರೆ.

ಕನ್ನಡದಲ್ಲಿ ಗುಟ್ಟು ಒಡೆಯುವವರು ಹೆಚ್ಚಾಗಿ ಓದುಗರಲ್ಲ, ಮುನ್ನುಡಿಕಾರರು. ಹೊಸ ಲೇಖಕರು ಹಿರಿಯರೊಬ್ಬರ ಬಳಿ ಹೋಗಿ ಮುನ್ನುಡಿ ಕೇಳುವುದು, ಹಿರಿಯರು ಕಥೆಯ ಸಾರಾಂಶವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಹರಸುವುದು ನಮ್ಮಲ್ಲಿ ಬೆಳೆದುಬಂದ ಪದ್ಧತಿ. ಸಾಮಾಜಿಕ ಕಾದಂಬರಿಗೆ ಅದರಿಂದ ಹೆಚ್ಚು ಕೇಡಾಗದು. ಥ್ರಿಲ್ಲರ್‌ಗೆ ಅದು ಹತ್ತನೆಯ ಪುಟದಲ್ಲೇ ಆಗುವ ಇನ್ನೊಂದು ಕೊಲೆ. ಮುನ್ನುಡಿಯನ್ನೂ ಲೇಖಕರ ಮಾತನ್ನೂ ಬೆನ್ನುಡಿಯನ್ನೂ ಕಾದಂಬರಿ ಮುಗಿದ ಮೇಲೆ ಓದಿ. ಆಗ ಇನ್ನೊಂದು ಪ್ರಯೋಜನವೂ ಇದೆ, ನಿಮ್ಮ ಅಭಿಪ್ರಾಯದಲ್ಲಿ ಅವರ ಮಾತು ಬೆರೆಯುವುದಿಲ್ಲ. ಬಿಡುಗಡೆ ಸಮಾರಂಭದ ಭಾಷಣಗಳ ಬಗ್ಗೆ ಹೇಳುವುದೇನೂ ಇಲ್ಲ, ಪುಸ್ತಕ ಓದದೆ ಮಾಡಿದ ಭಾಷಣದಿಂದ ಗುಟ್ಟು ಒಡೆಯುವ ಅಪಾಯ ಕಡಿಮೆ.

ಇನ್ನು ನಿಮ್ಮಂಥ ಊರಿನ ಓದುಗರಿಗೆ ಮಾತ್ರ ಸಾಧ್ಯವಾಗುವ ಒಂದು ಪರೀಕ್ಷೆ. ಥ್ರಿಲ್ಲರ್ ನಂಬಿಕೆಯ ಮೇಲೆ ನಿಂತಿದೆ, ನಂಬಿಕೆ ಸಣ್ಣ ವಿವರಗಳ ಮೇಲೆ. ಈಚೆಗೆ ನಮ್ಮ ಸೀಮೆ ಕಥೆಗಾರರಿಗೆ ಪ್ರಿಯವಾಗಿದೆ, ಅದರಲ್ಲೂ ಕೆಜಿಎಫ್. ಅಲ್ಲಿಯ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. 2015ರಲ್ಲಿ ನಡೆಯುವ ಕಥೆಯಲ್ಲಿ ಕಾರ್ಮಿಕರು ಪಾಳಿಯ ಸೈರನ್ ಕೇಳಿ ಗಣಿಗೆ ಇಳಿದರೆ, ಅಥವಾ ಅಲ್ಲಿನ ಲೈನು ಮನೆಗಳಲ್ಲಿ ತಮಿಳಿನ ಒಂದು ಮಾತೂ ಕೇಳದೆ ಎಲ್ಲರೂ ಜಯನಗರದ ಕನ್ನಡ ಆಡಿದರೆ, ಲೇಖಕರು ಅಲ್ಲಿಗೆ ಹೋಗಿಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು. ಕೋಲಾರದ ಬತ್ತಿದ ಕೆರೆಯಲ್ಲಿ ಹೆಣ ಸಿಗುವುದು ಇನ್ನೊಂದು ಸವೆದ ದೃಶ್ಯ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಯಾವ ಕೆರೆ, ಯಾವ ವರ್ಷ ಎಂಬುದು ಈಗ ಕಥೆಯ ಗಟ್ಟಿತನಕ್ಕೆ ಬೇಕಾದ ಪ್ರಶ್ನೆ. ಹಾಗೆ ನೋಡಿದರೆ ಹತ್ತು ವರ್ಷ ಬತ್ತಿದ್ದ ಕೆರೆಯಲ್ಲಿ ಹೂತ ಹೆಣದ ಮೇಲೆ ನೀರು ಬಂದು ನಿಲ್ಲುವುದು ಎಂಥ ಒಳ್ಳೆಯ ಥ್ರಿಲ್ಲರ್ ಆಗಬಹುದು! ಬರೆಯುವವರಿಗೆ ಬಿಟ್ಟುಕೊಟ್ಟಿದ್ದೇನೆ.

ಕಾನೂನಿನ ವಿವರವನ್ನೂ ನೋಡಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಗೆ ಶಿಕ್ಷೆ ಹೇಳುವ ಕಲಂ 302 ಅಲ್ಲ, 103. ಅದಾದ ಮೇಲೆ ನಡೆದ ಕೊಲೆಗೆ ಕಥೆಯ ಪೊಲೀಸರು ‘ತ್ರೀ ನಾಟ್ ಟೂ ಹಾಕ್ತೀನಿ’ ಎಂದು ಗದರಿದರೆ ಅದು ಬಾಯಿರೂಢಿಯಿರಬಹುದು, ಆದರೆ ಎಫ್‌ಐಆರ್‌ನಲ್ಲಿ ಹಾಗೆಯೇ ಬರೆದರೆ ತಪ್ಪು. ಕೊಲೆ ಹಿಂದೆಯೇ ನಡೆದು ಈಗ ಬಯಲಾದದ್ದಾದರೆ ಹಳೆಯ ಕಲಂ ಸರಿ; ಎಚ್ಚರವಿರುವ ಲೇಖಕರು ಇಷ್ಟನ್ನು ವಿಚಾರಿಸಿಯೇ ಬರೆಯುತ್ತಾರೆ. ಇದಕ್ಕಿಂತ ದೊಡ್ಡ ಬಿರುಕು ಕಾಣಿಸುವುದು ಕೊನೆಯ ಅಧ್ಯಾಯದಲ್ಲಿ. ಅಪರಾಧಿ ಠಾಣೆಯಲ್ಲಿ ಕುಳಿತು ಹದಿನೈದು ಪುಟ ತಪ್ಪೊಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬುದು ಹಳೆಯ ಸಾಕ್ಷ್ಯ ಕಾಯಿದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಅವನು ತೋರಿಸಿಕೊಟ್ಟ ಜಾಗದಲ್ಲಿ ಕತ್ತಿಯೋ ಒಡವೆಯೋ ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ. ಹಾಗಾಗಿ ಇಡೀ ಕಾದಂಬರಿಯ ಭಾರವನ್ನು ಠಾಣೆಯ ತಪ್ಪೊಪ್ಪಿಗೆಯ ಮೇಲೆ ಹೇರಿದ ಲೇಖಕರು, ಸುಳಿವುಗಳನ್ನು ಹೆಣೆಯುವ ಕೆಲಸದಿಂದ ತಪ್ಪಿಸಿಕೊಂಡಿದ್ದಾರೆ ಎಂದೇ ನನ್ನ ತೀರ್ಮಾನ. ನಿಮ್ಮ ಕೂಟದಲ್ಲಿ ವಕೀಲರೊಬ್ಬರಿದ್ದರೆ ಈ ಭಾಗವನ್ನು ಅವರಿಗೆ ಒಪ್ಪಿಸಿ, ಅವರೂ ಖುಷಿಯಾಗುತ್ತಾರೆ.

ಎರಡು ಅಳತೆಗೋಲಿನ ಪ್ರಶ್ನೆ ಉಳಿಯಿತು. ಬೇಡ. ಮುಚ್ಚಿಡುವ ರೀತಿಯ ಬಗ್ಗೆ ಮೇಲೆ ಹೇಳಿದ ಪರೀಕ್ಷೆಯನ್ನೇ ಈಚಿನ ಸಾಮಾಜಿಕ ಕಾದಂಬರಿಗೂ ಹಚ್ಚಿ ನೋಡಿ. ಮೂರು ತಲೆಮಾರಿನ ಕುಟುಂಬದ ಕಥೆಯಲ್ಲಿ, ಅಜ್ಜಿ ತವರಿಗೆ ಹೋಗುವುದನ್ನು ಏಕೆ ನಿಲ್ಲಿಸಿದಳು ಎಂಬುದನ್ನು ಲೇಖಕರು ಇನ್ನೂರೈವತ್ತನೆಯ ಪುಟದವರೆಗೆ ಹಿಡಿದಿಟ್ಟಿರುತ್ತಾರೆ. ಅದು ಗುಟ್ಟಲ್ಲವೆ? ಮನೆಯವರು ಅದನ್ನು ಮಾತನಾಡದಿರಲು ಮನೆಯೊಳಗೇ ಕಾರಣವಿತ್ತೋ, ಅಥವಾ ಓದುಗರನ್ನು ಅಷ್ಟು ದೂರ ಎಳೆದೊಯ್ಯಲು ಲೇಖಕರೇ ಅವರ ಬಾಯಿ ಕಟ್ಟಿದರೋ? ಗಂಭೀರ ಕಾದಂಬರಿಗಳೆಂದು ಹೆಸರಾದವುಗಳಲ್ಲಿ ಈ ಎರಡನೆಯ ತಪ್ಪು ಥ್ರಿಲ್ಲರ್‌ಗಳಲ್ಲಿರುವಷ್ಟೇ ಇದೆ. ಭಾಷೆ ಚೆನ್ನಾಗಿರುವುದರಿಂದ ನಾವು ಕ್ಷಮಿಸಿಬಿಡುತ್ತೇವೆ, ಅಷ್ಟೆ. ಹಾಗೆಯೇ ಥ್ರಿಲ್ಲರ್‌ಗೆ ಭಾಷೆಯ ರಿಯಾಯಿತಿ ಕೊಡುವುದೂ ಸಲ್ಲದು. ‘ಥ್ರಿಲ್ಲರ್ ಅಲ್ಲವೆ, ಭಾಷೆ ಹೇಗಿದ್ದರೂ ನಡೆಯುತ್ತದೆ’ ಎನ್ನುವವರು ನಿಮ್ಮ ಹಿರಿಯರ ಮಾತನ್ನೇ ಇನ್ನೊಂದು ಬಾಗಿಲಿನಿಂದ ಒಳಗೆ ತರುತ್ತಿದ್ದಾರೆ.

ಕೊನೆಗೆ, ಕೆಲಸಕ್ಕೆ ಬರುವ ಒಂದು ಅಭ್ಯಾಸ. ಕಾದಂಬರಿಯ ಮೂರನೆಯ ಎರಡು ಭಾಗ ಮುಗಿದಾಗ ಪುಸ್ತಕ ಮುಚ್ಚಿ, ಒಂದು ಚೀಟಿಯ ಮೇಲೆ ನಿಮಗೆ ಯಾರ ಮೇಲೆ ಅನುಮಾನ, ಯಾವ ಪುಟದ ಯಾವ ಮಾತಿನಿಂದ ಎಂದು ಬರೆದಿಡಿ. ಪುಸ್ತಕ ಮುಗಿಸಿದ ಮೇಲೆ ಆ ಚೀಟಿ ತೆಗೆದು ನೋಡಿ. ನಿಮ್ಮ ಊಹೆ ಸರಿಯಾಗಿದ್ದರೆ ಕಾದಂಬರಿ ಕೆಟ್ಟದ್ದೆಂದು ಅರ್ಥವಲ್ಲ, ತಪ್ಪಾಗಿದ್ದರೆ ಒಳ್ಳೆಯದೆಂದೂ ಅಲ್ಲ. ನಿಮ್ಮ ತಪ್ಪು ಊಹೆಗೆ ಲೇಖಕರು ಬೇಕೆಂದೇ ದಾರಿ ಹಾಸಿಕೊಟ್ಟಿದ್ದರೇ ಎಂಬುದನ್ನು ಗಮನಿಸಿ. ಪುಸ್ತಕ ಗ್ರಂಥಾಲಯದ್ದಾದರೆ ಹಿಂದಿರುಗಿಸುವ ಮೊದಲು ಚೀಟಿ ತೆಗೆಯಲು ಮರೆಯಬೇಡಿ. ಒಮ್ಮೆ ನಾನು ಗ್ರಂಥಾಲಯವೊಂದರಿಂದ ತಂದ ಪತ್ತೇದಾರಿ ಕಾದಂಬರಿಯ ಹದಿನೇಳನೆಯ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಹೆಸರಿಗೆ ಗೆರೆ ಎಳೆದು ‘ಇವನೇ’ ಎಂದು ಬರೆದಿದ್ದರು. ಸಿಟ್ಟಿನಿಂದಲೇ ಓದಿದೆ. ಆ ಪಾತ್ರ ಬಂದಾಗಲೆಲ್ಲ ಅವನ ಪ್ರತಿ ಮಾತಿನಲ್ಲೂ ಕಳ್ಳತನ ಕಂಡೆ, ಉಳಿದವರನ್ನು ಗಮನಿಸಲೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ನೋಡಿದರೆ ಅವನಾಗಿರಲಿಲ್ಲ.